ಹೆಸರು ಕಳಚುವ ರಾತ್ರಿ: ನಾಟಕದ ಒಂದು ದೃಶ್ಯಕ್ಕೆ ನಿಮ್ಮ ಮಾತು ಬೇಕು

ಪಯಸ್ವಿನಿ ದಂಡೆ:
ಎಲ್ಲರಿಗೂ ನಮಸ್ಕಾರ. ಕಾಸರಗೋಡಿನ ಮುಳ್ಳೇರಿಯ ಕಡೆಯ ನಾವು ಕೆಲವರು ಸೇರಿ ಒಂದು ಕನ್ನಡ ನಾಟಕ ಕಟ್ಟುತ್ತಿದ್ದೇವೆ. ಮೇ ಕೊನೆಯ ಪತ್ತನಾಜೆ ಕಳೆದು ಭೂತಕೋಲ, ಯಕ್ಷಗಾನದ ಆಟ ಎಲ್ಲ ನಿಂತ ಮೇಲೆ, ಶಾಲೆ ಶುರುವಾಗುವ ಮೊದಲು ಆಡುವ ಯೋಚನೆ ಉಂಟು. ಕಥೆ ಇಷ್ಟೇ: ಕಾಡಿನ ಅಂಚಿನಲ್ಲಿ ಒಂದು ಪಂಥದ ಕೇಂದ್ರ. ಐದು ಜನ ಅಲ್ಲಿ ಸಿಕ್ಕಿಹಾಕಿಕೊಂಡಿದ್ದಾರೆ. ಬೆಳಗಾದರೆ ಅವರಿಗೆ ಒಂದು ವಿಧಿ ನಡೆಯುತ್ತದೆ. ಅದು ಮುಗಿದ ಮೇಲೆ ಅವರಿಗೆ ಹಳೆಯ ಹೆಸರಿಲ್ಲ, ಊರಿಲ್ಲ, ಅಪ್ಪ ಅಮ್ಮ ಇಲ್ಲ. ನಾಟಕ ನಡೆಯುವುದು ಅದರ ಹಿಂದಿನ ರಾತ್ರಿ.

ತಂಡದಲ್ಲಿ ಜಗಳ ಎದ್ದದ್ದು ಆ ವಿಧಿಯನ್ನು ಹೇಗೆ ತೋರಿಸುವುದು ಎಂಬಲ್ಲಿ. ಅರ್ಧ ಜನಕ್ಕೆ ಹೊಗೆ ಬೇಕು, ಚೆಂಡೆ ಬೇಕು, ಮುಖಕ್ಕೆ ಬಣ್ಣ ಬೇಕು, ಪಂಜು ಬೇಕು. ನನಗೆ ಅದೆಲ್ಲ ಸುಳ್ಳು ಅನ್ನಿಸುತ್ತದೆ. ನಿಜವಾಗಿ ಇಂಥದ್ದು ನಡೆದ ಕಡೆಯ ಸಂಗತಿ ಓದುತ್ತಾ ಹೋದ ಹಾಗೆ ನನಗೆ ಹೆದರಿಕೆ ಹುಟ್ಟಿಸಿದ್ದು ತೀರಾ ಸಣ್ಣ ಸಾಮಾನುಗಳು. ಕತ್ತರಿ. ಕೂದಲಿಗೆ ಹಾಕುವ ಬಣ್ಣ. ಒಂದು ಸುಳ್ಳು ಜನನ ಪತ್ರ.

ಆಸ್ಟ್ರೇಲಿಯಾದ 'ದಿ ಫ್ಯಾಮಿಲಿ' ಎಂಬ ಪಂಥದ ಬಗ್ಗೆ ನಿಮ್ಮಲ್ಲಿ ಕೆಲವರು ಕೇಳಿರಬಹುದು. 1960ರ ದಶಕದಲ್ಲಿ ಮೆಲ್ಬರ್ನ್ ಹತ್ತಿರ ಆ್ಯನ್ ಹ್ಯಾಮಿಲ್ಟನ್ ಬರ್ನ್ ಎಂಬ ಯೋಗ ಕಲಿಸುತ್ತಿದ್ದ ಹೆಂಗಸು ಅದನ್ನು ಕಟ್ಟಿದಳು. ಡಾಕ್ಟರುಗಳು, ನರ್ಸುಗಳು, ವಕೀಲರು ಅವಳ ಭಕ್ತರು. ಕೆಲವು ಮಕ್ಕಳನ್ನು ಸುಳ್ಳು ದತ್ತು ಕಾಗದದ ಮೂಲಕ, ಕೆಲವರನ್ನು ಭಕ್ತರಿಂದಲೇ ಪಡೆದು ಎಲ್ಲರನ್ನೂ ತನ್ನ ಮಕ್ಕಳು ಎಂದು ಸಾಕಿದಳು. ಲೇಕ್ ಐಲ್ಡನ್ ಎಂಬ ಜಲಾಶಯದ ದಂಡೆಯ ಒಂಟಿ ಮನೆಯಲ್ಲಿ ಅವರನ್ನು ಇಟ್ಟರು. ಎಲ್ಲರಿಗೂ ಒಂದೇ ಮನೆತನದ ಹೆಸರು. ಒಂದೇ ಥರದ ಬಟ್ಟೆ. ಒಡಹುಟ್ಟಿದವರ ಹಾಗೆ ಕಾಣಲಿ ಎಂದು ಹೆಚ್ಚಿನವರ ಕೂದಲಿಗೆ ಬಣ್ಣ ತೆಗೆಯುವ ಔಷಧಿ ಹಚ್ಚಿ ಹೊಂಬಣ್ಣ ಮಾಡಿದರು. ಹೊಡೆತ, ಉಪವಾಸ, ಮಂಪರು ಬರುವ ಮಾತ್ರೆ ಎಲ್ಲ ಇತ್ತು. ಹದಿಹರೆಯಕ್ಕೆ ಬಂದ ಮಕ್ಕಳಿಗೆ ಎಲ್‌ಎಸ್‌ಡಿ ಎಂಬ ಭ್ರಮೆ ಹುಟ್ಟಿಸುವ ಮದ್ದು ಕೊಟ್ಟು ಕತ್ತಲೆ ಕೋಣೆಯಲ್ಲಿ ಬಿಡುವುದೇ ಅವರ ದೀಕ್ಷೆ. 1987ರ ಆಗಸ್ಟ್‌ನಲ್ಲಿ ಪೊಲೀಸರು ದಾಳಿ ಮಾಡಿ ಮಕ್ಕಳನ್ನು ಹೊರಗೆ ತಂದರು. ಆಕೆ ತಮ್ಮ ತಾಯಿ ಅಲ್ಲ, ಇವರು ತಮ್ಮ ಅಣ್ಣತಂಗಿಯರಲ್ಲ ಎಂದು ಆ ಮಕ್ಕಳು ನಂಬಬೇಕಾಯಿತು. ಆ್ಯನ್‌ಗೂ ಅವಳ ಗಂಡನಿಗೂ ಕೊನೆಗೆ ಆದದ್ದು ತಲಾ 5,000 ಡಾಲರ್ ದಂಡ, ಅದೂ ಸುಳ್ಳು ಹೇಳಿಕೆಯ ಕೇಸಿಗೆ.

ಅಷ್ಟು ಮಕ್ಕಳ ಬಾಲ್ಯಕ್ಕೆ ಅಷ್ಟೇ ದಂಡ. ಇದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ.

ಆದ್ದರಿಂದ ಕೇಳುತ್ತಿದ್ದೇನೆ. ರಂಗದ ಮೇಲೆ ಇದನ್ನು ಹೇಗೆ ತರುವುದು? ಆ ಐದು ಜನ ಆ ರಾತ್ರಿ ಏನು ಮಾಡುತ್ತಾರೆ? ಗೊತ್ತಿರುವವರು ದಯವಿಟ್ಟು ಬರೆಯಿರಿ.

ಬೋವಿಕ್ಕಾನದ ಮಾಷ್ಟ್ರು:
ಮೊದಲು ಒಂದು ಮಾತು. ಚೆಂಡೆ, ಪಂಜು, ಮುಖದ ಬಣ್ಣ ಬೇಡವೇ ಬೇಡ. ನೀವು ಹೇಳದಿದ್ದರೂ ನಮ್ಮ ಊರಿನ ಪ್ರೇಕ್ಷಕರಿಗೆ ಅದು ತೆಯ್ಯಂ ಆಗಿ, ಭೂತಕೋಲ ಆಗಿ ಕಾಣುತ್ತದೆ. ಕೆಟ್ಟ ಪಂಥವನ್ನು ದೈವದ ವೇಷದಲ್ಲಿ ತೋರಿಸಿದರೆ ಜನರಿಗೆ ನೋವಾಗುತ್ತದೆ. ನೋವಿನ ಮಾತು ಬಿಡಿ, ಅದು ತಪ್ಪು ಕೂಡ.

ಯಾಕೆ ತಪ್ಪು ಎಂದು ಹೇಳುತ್ತೇನೆ. ತೆಯ್ಯಂ ಕಟ್ಟುವವರು ವ್ರತ ಹಿಡಿಯುತ್ತಾರೆ. ಮುಖಕ್ಕೆ ಬರೆಯುವುದು ಗಂಟೆಗಟ್ಟಲೆ ನಡೆಯುತ್ತದೆ. ಮುಡಿ, ಅಂದರೆ ದೈವದ ಕಿರೀಟ, ತಲೆಗೆ ಏರಿದ ಮೇಲೆ ಕೈಗನ್ನಡಿ ಕೊಡುತ್ತಾರೆ. ಅದರಲ್ಲಿ ಅವರಿಗೆ ಕಾಣುವುದು ತಮ್ಮ ಮುಖ ಅಲ್ಲ, ದೈವದ ಮುಖ. ಅಲ್ಲಿಂದ ಮುಂದೆ ಅವರನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಉಳಿದ ದಿನ ಯಾರನ್ನು ಅಂಗಳದ ಆಚೆ ನಿಲ್ಲಿಸುತ್ತಿದ್ದರೋ ಅವರ ಎದುರು ತರವಾಡು ಎಂಬ ದೊಡ್ಡ ಮನೆತನದ ಯಜಮಾನ ಕೈ ಮುಗಿದು ನಿಲ್ಲುತ್ತಿದ್ದ. ಅಂದರೆ ಇಲ್ಲಿಯೂ ಮನುಷ್ಯನ ಗುರುತು ಹೋಗುತ್ತದೆ, ಒಪ್ಪುತ್ತೇನೆ. ಆದರೆ ಮುಡಿ ಇಳಿಸುವುದಕ್ಕೂ ಕ್ರಮ ಉಂಟು. ಅದು ಇಳಿದ ಮೇಲೆ ಅವರು ಮನೆಗೆ ಹೋಗುತ್ತಾರೆ, ಮಕ್ಕಳ ಜೊತೆ ಗಂಜಿ ಉಣ್ಣುತ್ತಾರೆ. ಊರಿಗೆ ಊರೇ ನೋಡುತ್ತಿರುವಾಗ ನಡೆಯುವ ಕೆಲಸ ಅದು. ಬಾಗಿಲು ಹಾಕಿಕೊಂಡು ಮಾಡುವುದಲ್ಲ.

ನಿಮ್ಮ ಪಂಥದವರ ವಿಧಿಯಲ್ಲಿ ಇಳಿಸುವ ಕ್ರಮವೇ ಇರುವುದಿಲ್ಲ. ಏರಿಸುವುದು ಮಾತ್ರ. ನಾಟಕದಲ್ಲಿ ಇದು ಗೊತ್ತಾಗಬೇಕು.

ಮಡಕಶಿರಾ ಓದುಗ:
ಮಾಷ್ಟ್ರೇ, ಒಂದು ಪ್ರಶ್ನೆ. ಸನ್ಯಾಸದಲ್ಲಿಯೂ ವಾಪಸ್ಸು ಬರುವ ದಾರಿ ಇಲ್ಲವಲ್ಲ? ಸನ್ಯಾಸಿ ಆಗುವವರು ತಮ್ಮ ಶ್ರಾದ್ಧವನ್ನು ತಾವೇ ಮಾಡಿಕೊಳ್ಳುತ್ತಾರೆ. ಹಳೆಯ ಹೆಸರು ಹೋಯಿತು, ತಲೆಗೂದಲು ಹೋಯಿತು, ಬಟ್ಟೆಯ ಬಣ್ಣ ಬದಲಾಯಿತು, ಹುಟ್ಟಿದ ಮನೆಯ ಆಸ್ತಿಯ ಹಕ್ಕೂ ಹೋಯಿತು. ಹೊರಗಿನಿಂದ ನೋಡಿದರೆ ಎರಡಕ್ಕೂ ಏನು ವ್ಯತ್ಯಾಸ? ಜಗಳಕ್ಕೆ ಕೇಳುತ್ತಿಲ್ಲ, ನಿಜವಾಗಿ ತಿಳಿಯಬೇಕು.

ಬೋವಿಕ್ಕಾನದ ಮಾಷ್ಟ್ರು:
ಒಳ್ಳೆಯ ಪ್ರಶ್ನೆ. ನಮ್ಮ ಪಕ್ಕದಲ್ಲೇ ಎಡನೀರು ಮಠ ಉಂಟು. ಅಲ್ಲಿನ ಕೇಶವಾನಂದ ಭಾರತೀ ಸ್ವಾಮಿಗಳು ಕೇರಳದ ಭೂಸುಧಾರಣೆ ಕಾನೂನಿನ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದರು. 1973ರ ಏಪ್ರಿಲ್ 24ರಂದು 13 ನ್ಯಾಯಾಧೀಶರ ಪೀಠ ತೀರ್ಪು ಕೊಟ್ಟಿತು. ಸಂವಿಧಾನದ ಮೂಲ ರಚನೆಯನ್ನು ಸಂಸತ್ತು ಕೂಡ ಬದಲಿಸುವಂತಿಲ್ಲ ಎಂದ ತೀರ್ಪು ಅದೇ. ಸನ್ಯಾಸದಲ್ಲಿ ಸಿಕ್ಕಿದ ಹೆಸರಿನಲ್ಲೇ ಅವರು ಸರ್ಕಾರದ ಎದುರು ನಿಂತರು. ಪತ್ರಿಕೆಯವರು ಬಂದರೆ ಮಾತಾಡಿದರು, ವಕೀಲರನ್ನು ಕಂಡರು, ಯಕ್ಷಗಾನದಲ್ಲಿ ಭಾಗವತಿಕೆ ಮಾಡಿದರು. ಹಳೆಯ ಹೆಸರು ಬಿಟ್ಟರೂ ಅವರ ಮಾತು ಅವರ ಹತ್ತಿರವೇ ಇತ್ತು.

ನನಗೆ ತಿಳಿದ ವ್ಯತ್ಯಾಸ ಇದು. ಕೇಳಿ ಪಡೆದದ್ದಾ, ಹೇರಿದ್ದಾ? ಗೊತ್ತಿದ್ದು ಒಪ್ಪಿದ್ದಾ? ಆಮೇಲೆ ಹೊರಗಿನವರ ಜೊತೆ ಮಾತಾಡಲು ಬಿಡುತ್ತಾರಾ? ಕಾವಿ ಬಟ್ಟೆ ಹಾಕಿದ ಮಾತ್ರಕ್ಕೆ ಯಾವ ಸಂಸ್ಥೆಗೂ ಈ ಮೂರು ಪ್ರಶ್ನೆಯಿಂದ ರಿಯಾಯಿತಿ ಇಲ್ಲ. ನಮ್ಮ ಧರ್ಮದ್ದು ಎಂಬ ಕಾರಣಕ್ಕೂ ಇಲ್ಲ.

ನೀರ್ಚಾಲಿನವಳು:
ನಾನು ಮಂಗಳೂರಿನಲ್ಲಿ ಆಪ್ತಸಮಾಲೋಚಕಿ. ಈ ವಿಷಯ ಓದಿನಿಂದಲೂ ಗೊತ್ತು, ಇಂಥ ಗುಂಪಿನಿಂದ ಹೊರಬಂದವರ ಜೊತೆ ಕೂತು ಮಾತಾಡಿಯೂ ಗೊತ್ತು. ಸ್ವಲ್ಪ ಉದ್ದ ಬರೆಯುತ್ತೇನೆ.

ಅರ್ವಿಂಗ್ ಗಾಫ್‌ಮನ್ ಎಂಬ ಸಮಾಜಶಾಸ್ತ್ರಜ್ಞ ವಾಷಿಂಗ್ಟನ್‌ನ ಒಂದು ದೊಡ್ಡ ಮಾನಸಿಕ ಆಸ್ಪತ್ರೆಯಲ್ಲಿ ಇದ್ದು ನೋಡಿ 1961ರಲ್ಲಿ ಬರೆದದ್ದು ಇವತ್ತಿಗೂ ಸರಿಯಾಗಿದೆ. ಜೈಲು, ಸೈನ್ಯದ ಶಿಬಿರ, ಹಳೆಯ ಕಾಲದ ಹುಚ್ಚಾಸ್ಪತ್ರೆ, ಎಲ್ಲ ಕಡೆಯೂ ಒಳಗೆ ಬರುವವರಿಗೆ ಒಂದೇ ರೀತಿಯ ಸ್ವಾಗತ. ಬಟ್ಟೆ ಬಿಚ್ಚಿಸುವುದು, ತೂಕ ನೋಡುವುದು, ಕೂದಲು ಕತ್ತರಿಸುವುದು, ಸಾಮಾನು ಪಟ್ಟಿ ಮಾಡಿ ತೆಗೆದಿಡುವುದು, ನಂಬರ್ ಕೊಡುವುದು. ಬಾಚಣಿಗೆ, ಉಂಗುರ, ಫೋಟೊ, ಇಷ್ಟದ ಸೋಪು. ಇವೆಲ್ಲ ಹೋದ ಮೇಲೆ ಮನುಷ್ಯನಿಗೆ ತನ್ನನ್ನು ತಾನು ಎಂದು ತೋರಿಸಿಕೊಳ್ಳಲು ಕೈಯಲ್ಲಿ ಏನೂ ಉಳಿಯುವುದಿಲ್ಲ. ಯಾರೂ ಕಿರುಚುವುದಿಲ್ಲ. ಕೆಲಸ ಮಾಡುವವರಿಗೆ ಅದು ದಿನನಿತ್ಯದ ಡ್ಯೂಟಿ.

ಅದೇ ವರ್ಷ ರಾಬರ್ಟ್ ಜೇ ಲಿಫ್ಟನ್ ಎಂಬ ಮನೋವೈದ್ಯರ ಅಧ್ಯಯನವೂ ಬಂತು. ಚೀನಾದ ಸೆರೆಮನೆ, 'ಮರುಶಿಕ್ಷಣ' ಶಾಲೆಗಳಿಂದ ಹಾಂಗ್‌ಕಾಂಗ್‌ಗೆ ಬಂದ 40 ಜನರನ್ನು ಅವರು ಮಾತಾಡಿಸಿದರು. ಅಲ್ಲಿ ಮುಖ್ಯ ಆಯುಧ ತಪ್ಪೊಪ್ಪಿಗೆ. ನಿನ್ನ ಬದುಕಿನ ಕಥೆ ಬರೆ. ಸಾಲದು, ಮತ್ತೆ ಬರೆ. ಅಪ್ಪ ಕೆಟ್ಟವನು ಎಂದು ಬರೆ. ಹೀಗೆ ಬರೆಸಿ ಬರೆಸಿ ಕೊನೆಗೆ ಆ ಮನುಷ್ಯನಿಗೆ ತನ್ನ ನೆನಪಿನ ಮೇಲೆಯೇ ನಂಬಿಕೆ ಹೋಗುತ್ತದೆ. ಜೊತೆಗೆ ನಿದ್ದೆ ಕೊಡುವುದಿಲ್ಲ, ಒಬ್ಬರನ್ನೇ ಬಿಡುವುದಿಲ್ಲ, ಸ್ವಲ್ಪ ಒಪ್ಪಿದರೆ ಸ್ವಲ್ಪ ಪ್ರೀತಿ ತೋರಿಸುತ್ತಾರೆ. ಈ ಪ್ರೀತಿ ಇದೆಯಲ್ಲ, ಅದೇ ಹೆಚ್ಚು ಕೆಲಸ ಮಾಡುತ್ತದೆ.

ಪ್ಯಾಟಿ ಹರ್ಸ್ಟ್ ಕೇಸ್ ನೋಡಿ. ಶ್ರೀಮಂತರ ಮನೆಯ 19 ವರ್ಷದ ಹುಡುಗಿ. 1974ರ ಫೆಬ್ರವರಿ 4ರಂದು ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಒಂದು ಸಣ್ಣ ಶಸ್ತ್ರಧಾರಿ ಗುಂಪು ಅವಳನ್ನು ಎತ್ತಿಕೊಂಡು ಹೋಯಿತು. ಕಣ್ಣು ಕಟ್ಟಿ ವಾರಗಟ್ಟಲೆ ಬಟ್ಟೆ ಇಡುವ ಗೂಡಿನೊಳಗೆ ಕೂಡಿಹಾಕಿದರು. ಏಪ್ರಿಲ್ 3ರಂದು ಅವಳ ಧ್ವನಿಯ ಟೇಪ್ ಬಂತು: ತನ್ನ ಹೆಸರು ಈಗ ತಾನ್ಯಾ, ತಾನು ಇವರ ಜೊತೆಗೇ ಇರುತ್ತೇನೆ ಎಂದು. ಇನ್ನು ಎರಡು ವಾರದೊಳಗೆ ಬಂದೂಕು ಹಿಡಿದು ಅವರ ಜೊತೆ ಬ್ಯಾಂಕ್ ದರೋಡೆಗೆ ನಿಂತಳು. ಕೋರ್ಟು ಅವಳನ್ನು ಅಪರಾಧಿ ಎಂದಿತು. ಆಮೇಲೆ ಒಬ್ಬ ಅಧ್ಯಕ್ಷರು ಶಿಕ್ಷೆ ಕಡಿಮೆ ಮಾಡಿದರು, 2001ರಲ್ಲಿ ಇನ್ನೊಬ್ಬರು ಪೂರ್ತಿ ಕ್ಷಮೆ ಕೊಟ್ಟರು. ಎರಡು ತಿಂಗಳಲ್ಲಿ ಒಬ್ಬಳ ಹೆಸರು ಬದಲಾಯಿತು. ಕಾನೂನಿಗೆ ಅವಳನ್ನು ಹೇಗೆ ನೋಡಬೇಕು ಎಂದು ತೀರ್ಮಾನಿಸಲು ಇಪ್ಪತ್ತೈದು ವರ್ಷಕ್ಕಿಂತ ಜಾಸ್ತಿ ಬೇಕಾಯಿತು.

ನಾಟಕಕ್ಕೆ ನನ್ನ ಸಲಹೆ: ಒಂದು ಮೇಜು ಇಡಿ. ಹಿಂದೆ ಮೃದುವಾಗಿ ಮಾತಾಡುವ ಒಬ್ಬ ಹೆಂಗಸು ಕೂತಿರಲಿ. ಒಂದು ಟ್ರೇ, ಒಂದು ರಿಜಿಸ್ಟರ್, ಕತ್ತರಿ. "ಬಾ ಮಗಾ, ಸುಸ್ತಾಯ್ತಾ? ಇದನ್ನೆಲ್ಲ ಇಲ್ಲಿಡು" ಎನ್ನಲಿ. ಸಾಕು.

ಪಯಸ್ವಿನಿ ದಂಡೆ:
ಅಕ್ಕಾ, ಆ ಮೇಜು ಈಗಲೇ ಕಣ್ಣಿಗೆ ಬಂತು. ತುಂಬಾ ಥ್ಯಾಂಕ್ಸ್. ಮಾಷ್ಟ್ರು ಹೇಳಿದ್ದನ್ನೂ ತಂಡಕ್ಕೆ ಹೇಳಿದೆ. ಚೆಂಡೆ ಪಂಜು ಬಿಟ್ಟೆವು. ಬಣ್ಣದ ವಿಷಯದಲ್ಲಿ ಇನ್ನೂ ಒಬ್ಬ ಹಠ ಹಿಡಿದಿದ್ದಾನೆ.

ಮಡಕಶಿರಾ ಓದುಗ:
ನನ್ನದು ಇನ್ನೊಂದು ತಕರಾರು. ಮನಸ್ಸು ತೊಳೆಯುವುದು ಎಂದು ಸುಲಭವಾಗಿ ಹೇಳುತ್ತೇವೆ. ಅದೇನು ಮಂತ್ರವಾ? ಐಲೀನ್ ಬಾರ್ಕರ್ ಎಂಬ ಬ್ರಿಟಿಷ್ ಸಮಾಜಶಾಸ್ತ್ರಜ್ಞೆ ಕೊರಿಯಾದ ಸನ್ ಮ್ಯುಂಗ್ ಮೂನ್ ಕಟ್ಟಿದ ಯೂನಿಫಿಕೇಶನ್ ಚರ್ಚ್ ಬಗ್ಗೆ ವರ್ಷಗಟ್ಟಲೆ ಅಧ್ಯಯನ ಮಾಡಿದರು. 1979ರಲ್ಲಿ ಲಂಡನ್ ಕಡೆ ಅವರ ಶಿಬಿರಗಳಿಗೆ ಹೋದ ಸಾವಿರಕ್ಕೂ ಹೆಚ್ಚು ಜನರ ಲೆಕ್ಕ ಹಿಡಿದರು. ಹತ್ತರಲ್ಲಿ ಒಂಬತ್ತು ಜನ ಸೇರಲೇ ಇಲ್ಲ. ಸೇರಿದವರಲ್ಲೂ ಹೆಚ್ಚಿನವರು ಎರಡು ವರ್ಷದೊಳಗೆ ತಾವಾಗಿಯೇ ಬಿಟ್ಟುಬಂದರು. ಅಂದರೆ ಮನುಷ್ಯನ ಮನಸ್ಸು ಅಷ್ಟು ಸುಲಭವಾಗಿ ಅಳಿಸಿಹೋಗುವ ಸ್ಲೇಟಲ್ಲ. ನಾಟಕದಲ್ಲಿ ಐದು ಜನರೂ ಬೆಳಿಗ್ಗೆ ಗೊಂಬೆಗಳಾಗಿ ನಿಂತರೆ ಅದು ಸುಳ್ಳಾಗುತ್ತದೆ.

ನೀರ್ಚಾಲಿನವಳು:
ಒಪ್ಪುತ್ತೇನೆ ಅಣ್ಣ. ಬಾರ್ಕರ್ ನೋಡಿದ ಶಿಬಿರಗಳಲ್ಲಿ ಬಾಗಿಲು ತೆರೆದಿತ್ತು, ಹೊರಟುಹೋಗಬಹುದಿತ್ತು. ಐಲ್ಡನ್ ಮನೆಯ ಮಕ್ಕಳಿಗೆ ಹಾಗೆ ಇರಲಿಲ್ಲ. ಆದರೆ ನಿಮ್ಮ ಮುಖ್ಯ ಮಾತು ಸರಿ. ಒಳಗಿರುವ ಮನುಷ್ಯ ಅಳಿಸಿಹೋಗುವುದಿಲ್ಲ, ಮುಚ್ಚಿಹೋಗುತ್ತಾನೆ. ಹೊರಬಂದವರು ಹೇಳುವುದೂ ಅದನ್ನೇ. ಎದುರಿಗೆ ತಲೆಯಾಡಿಸುತ್ತಿದ್ದೆ, ಒಳಗೆ ಎಲ್ಲೋ ಒಂದು ಮೂಲೆಯಲ್ಲಿ ಅಮ್ಮನ ಅಡುಗೆ ನೆನೆಯುತ್ತಿದ್ದೆ ಎಂದು ಒಬ್ಬರು ನನ್ನ ಹತ್ತಿರ ಹೇಳಿದ್ದುಂಟು.

ಜತ್ತದ ಟೀಚರ್:
ನಮಸ್ಕಾರ ರೀ. ಸಾಂಗ್ಲಿ ಜಿಲ್ಲೆಯ ಜತ್ತ ತಾಲ್ಲೂಕಿನಿಂದ ಬರೆಯುತ್ತಿದ್ದೇನೆ. ಆಸ್ಟ್ರೇಲಿಯಾ, ಅಮೆರಿಕ ಎಲ್ಲ ಓದಿದೆ. ನಮ್ಮ ಕಡೆಯ ಮಾತು ಹೇಳದೆ ಇರಲು ಆಗಲಿಲ್ಲ.

ನಮ್ಮ ಭಾಗದಲ್ಲಿ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ದೇವದಾಸಿ ಮಾಡುತ್ತಿದ್ದರು. ಸವದತ್ತಿ ಯಲ್ಲಮ್ಮನ ಹೆಸರಿನಲ್ಲಿ ಕೆಂಪು, ಬಿಳಿ ಮಣಿಯ ಸರ ಕೊರಳಿಗೆ ಬೀಳುತ್ತಿತ್ತು. ಮನೆಯಲ್ಲಿ ಗಂಡುಮಗು ಇಲ್ಲ, ಬಡತನ, ರೋಗ, ತಲೆಯಲ್ಲಿ ಜಡೆ ಗಂಟುಕಟ್ಟಿತು, ಏನೋ ಒಂದು ಕಾರಣ. ಜಡೆ ಬಂದರೆ ದೇವಿ ಕರೆದಳು ಎನ್ನುವವರು. ಎಣ್ಣೆ ನೀರು ಕಾಣದ ಕೂದಲು ಎಂದು ಯಾರೂ ಹೇಳುವುದಿಲ್ಲ. ಆ ದಿನ ಮಗುವಿಗೆ ಹೊಸ ಸೀರೆ, ಹಸಿರು ಬಳೆ, ಹೋಳಿಗೆ ಊಟ. ಮಗುವಿಗೆ ಅದು ಹಬ್ಬ. ಏನಾಯಿತು ಎಂದು ಗೊತ್ತಾಗುವುದು ವರ್ಷಗಳ ಮೇಲೆ, ಮೈನೆರೆದ ಮೇಲೆ. ಆಗ ಅವಳಿಗೆ ಮದುವೆ ಇಲ್ಲ. ಅವಳ ದೇಹದ ಮೇಲೆ ಅವಳ ಮಾತು ನಡೆಯುವುದಿಲ್ಲ. ಅವಳ ಮಕ್ಕಳಿಗೆ ಶಾಲೆಯ ಫಾರ್ಮಿನಲ್ಲಿ ಅಪ್ಪನ ಹೆಸರಿನ ಜಾಗ ಖಾಲಿ.

ಕರ್ನಾಟಕದಲ್ಲಿ ಇದರ ವಿರುದ್ಧ 1982ರಲ್ಲಿ ಕಾನೂನು ಬಂತು, ಆಂಧ್ರದಲ್ಲಿ 1988ರಲ್ಲಿ, ನಮ್ಮ ಮಹಾರಾಷ್ಟ್ರದಲ್ಲಿ 2005ರಲ್ಲಿ. ದೊಡ್ಡ ಜಾತ್ರೆಯಲ್ಲಿ ಈಗ ಬಹಿರಂಗವಾಗಿ ಮಾಡುವುದಿಲ್ಲ. ಅಂಧಶ್ರದ್ಧಾ ನಿರ್ಮೂಲನ ಸಮಿತಿಯ ಹೆಣ್ಣುಮಕ್ಕಳು ಬಂದು ಕೂತು, ಸಮಾಧಾನ ಹೇಳಿ, ಹೆದರಿಕೆ ಬಿಡಿಸಿ ಜಡೆ ಕತ್ತರಿಸುತ್ತಾರೆ. ಆ ಸಮಿತಿ ಕಟ್ಟಿದ ನರೇಂದ್ರ ದಾಭೋಲ್ಕರ್ ಅವರನ್ನು 2013ರ ಆಗಸ್ಟ್ 20ರಂದು ಪುಣೆಯಲ್ಲಿ ಗುಂಡಿಟ್ಟು ಕೊಂದರು. ಕತ್ತರಿಯಿಂದ ಒಬ್ಬಳ ಬದುಕು ಕಿತ್ತುಕೊಳ್ಳಲೂ ಬಹುದು, ವಾಪಸ್ಸು ಕೊಡಲೂ ಬಹುದು ಎಂದು ನಾನು ಕಣ್ಣಾರೆ ನೋಡಿದ್ದೇನೆ. ಜಡೆ ಹೋದ ಮೇಲೆ ಒಬ್ಬ ತಾಯಿ ಕುತ್ತಿಗೆ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದಳು. ಭಾರ ಇಳಿಯಿತು ಟೀಚರ್ ಎಂದಳು.

ನಿಮ್ಮ ಐದು ಜನರಲ್ಲಿ ಒಬ್ಬಳಾದರೂ ಆ ವಿಧಿಯನ್ನು ಸಂತೋಷದಿಂದ ಕಾಯುತ್ತಿರಲಿ. ಹೊಸ ಬಟ್ಟೆ ಸಿಗುತ್ತದೆ, ಹೊಟ್ಟೆ ತುಂಬ ಊಟ ಸಿಗುತ್ತದೆ ಎಂದು. ಉಳಿದ ನಾಲ್ವರು ಅವಳಿಗೆ ಹೇಗೆ ಹೇಳಬೇಕು?

ಪಯಸ್ವಿನಿ ದಂಡೆ:
ಟೀಚರ್, ಇದನ್ನು ಓದಿ ನಾವೆಲ್ಲ ಸುಮ್ಮನೆ ಕೂತೆವು. ಐದನೆಯ ಪಾತ್ರವನ್ನು ಪೂರ್ತಿ ಬದಲಿಸುತ್ತಿದ್ದೇವೆ. ಅವಳು ಹತ್ತು ವರ್ಷದ ಮಗು. ನಿಮ್ಮ ಪ್ರಶ್ನೆಯೇ ನಾಟಕದ ನಡು.

ಕುಂಬಳೆ ಪೇಟೆ:
ಇಷ್ಟೆಲ್ಲ ಯಾಕೆ ಮಾರಾಯ್ರೇ? ನಾಟಕದ ಕೊನೆಯಲ್ಲಿ ಊರಿನವರು ನುಗ್ಗಿ ಎಲ್ಲರನ್ನೂ ಎತ್ತಿಕೊಂಡು ಬರಲಿ. ನಿಜ ಜೀವನದಲ್ಲೂ ಅದೇ ಸರಿ. ಕಾಲು ಕಟ್ಟಿಯಾದರೂ ತಂದು ಕೋಣೆಯಲ್ಲಿ ಕೂರಿಸಿ ನಾಲ್ಕು ದಿನ ಬುದ್ಧಿ ಹೇಳಿದರೆ ದಾರಿಗೆ ಬರುತ್ತಾರೆ.

ನೀರ್ಚಾಲಿನವಳು:
ಮಕ್ಕಳಾದರೆ ಪೊಲೀಸರು ನುಗ್ಗಲೇಬೇಕು, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬೇಕು. ದೊಡ್ಡವರಾದರೆ ಹಾಗಲ್ಲ. ಈ ಪ್ರಯೋಗ ಆಗಿಹೋಗಿದೆ. 1970ರ ದಶಕದಲ್ಲಿ ಅಮೆರಿಕದಲ್ಲಿ ಟೆಡ್ ಪ್ಯಾಟ್ರಿಕ್ ಎಂಬವರು ಅಪ್ಪ ಅಮ್ಮಂದಿರಿಂದ ಹಣ ಪಡೆದು ಇದನ್ನೇ ಮಾಡುತ್ತಿದ್ದರು. ದಾರಿಯಲ್ಲಿ ಎತ್ತಿ ಕಾರಿಗೆ ಹಾಕುವುದು, ಕೋಣೆಯಲ್ಲಿ ಕೂಡಿಹಾಕುವುದು, ದಿನಗಟ್ಟಲೆ ವಾದ ಮಾಡುವುದು. ಕೆಲವರು ಹೊರಬಂದರು. ಇನ್ನು ಕೆಲವರು ತಪ್ಪಿಸಿಕೊಂಡು ಮತ್ತೆ ಅದೇ ಗುಂಪಿಗೆ ಹೋದರು, ಅಪ್ಪ ಅಮ್ಮನ ಮುಖ ನೋಡಲಿಲ್ಲ. ಪ್ಯಾಟ್ರಿಕ್ ಜೈಲಿಗೂ ಹೋದರು. 1995ರಲ್ಲಿ ಹೀಗೆ ಅಪಹರಣವಾದ ಒಬ್ಬ ಯುವಕನಿಗೆ ಭಾರೀ ಪರಿಹಾರ ಕೊಡಬೇಕೆಂದು ಜ್ಯೂರಿ ಹೇಳಿತು.

ಸ್ಟೀವನ್ ಹ್ಯಾಸನ್ ಎಂಬವರು ಮೂನ್ ಗುಂಪಿನಲ್ಲಿದ್ದು, ಇದೇ ಥರದ ಬಲವಂತದಿಂದ 1976ರಲ್ಲಿ ಹೊರಬಂದವರು. ಮುಂದೆ ಅವರೇ ಆ ದಾರಿ ಬೇಡ ಎಂದರು. ಕೂಡಿಹಾಕುವವರಿಂದ ಬಿಡಿಸಲು ನಾವೂ ಕೂಡಿಹಾಕಿದರೆ ಅವರಿಗೆ ಎರಡು ಸೆರೆಮನೆ ಆದಂತಾಯಿತು, ಅಲ್ವಾ?

ಕುಂಬಳೆ ಪೇಟೆ:
ಸರಿ ಅಕ್ಕ. ಹಾಗಾದರೆ ಮನೆಯವರು ಎಂತ ಮಾಡುವುದು? ಕೈಕಟ್ಟಿ ಕೂರುವುದಾ?

ಪಯಸ್ವಿನಿ ದಂಡೆ:
ಅಕ್ಕ ಉತ್ತರ ಕೊಡುವ ಮೊದಲು ನಾನು ಓದಿದ ಒಂದು ಸಂಗತಿ ಹೇಳಿಬಿಡುತ್ತೇನೆ. ಐದು ಜನ ರಾತ್ರಿ ಏನು ಮಾಡುತ್ತಾರೆ ಎಂಬುದಕ್ಕೆ ನನಗೆ ಇದರಲ್ಲಿ ದಾರಿ ಸಿಕ್ಕಿತು.

ದಕ್ಷಿಣ ಅಮೆರಿಕದ ಗಯಾನಾದ ಕಾಡಿನಲ್ಲಿ ಜಿಮ್ ಜೋನ್ಸ್ ತನ್ನ ಪೀಪಲ್ಸ್ ಟೆಂಪಲ್ ಭಕ್ತರನ್ನು ಇಟ್ಟುಕೊಂಡಿದ್ದ. ಎಲ್ಲರೂ ಅವನನ್ನು ಅಪ್ಪ ಎನ್ನಬೇಕು. ಪಾಸ್‌ಪೋರ್ಟ್ ಅವನ ಜನರ ಕೈಯಲ್ಲಿ. ಮನೆಗೆ ಬರೆಯುವ ಕಾಗದ ಓದಿಯೇ ಕಳಿಸುವುದು. ಧ್ವನಿವರ್ಧಕದಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ಅವನದೇ ಮಾತು. ಸಾಯುವ ಅಭ್ಯಾಸವನ್ನೂ ಮಾಡಿಸುತ್ತಿದ್ದ. 1978ರ ನವೆಂಬರ್‌ನಲ್ಲಿ ಅಮೆರಿಕದ ಸಂಸದ ಲಿಯೋ ರಯಾನ್ ಪತ್ರಕರ್ತರ ಜೊತೆ ಅಲ್ಲಿಗೆ ಹೋದರು. ನವೆಂಬರ್ 17ರ ರಾತ್ರಿ ಕುಣಿತ, ಹಾಡು, ಊಟ. ಎಲ್ಲರೂ ಖುಷಿಯಾಗಿದ್ದಾರೆ ಎಂದು ತೋರಿಸುವ ಏರ್ಪಾಡು. ಆ ಗದ್ದಲದಲ್ಲಿ ಒಬ್ಬ ಯುವಕ ಟಿವಿ ವರದಿಗಾರನ ಕೈಗೆ ಒಂದು ಚೀಟಿ ತುರುಕಿದ. ಅದರಲ್ಲಿ ಎರಡು ಹೆಸರು, ಅವನದು ಮತ್ತು ಇನ್ನೊಬ್ಬಳದು. ಆಮೇಲೆ, ಇಲ್ಲಿಂದ ಹೊರಗೆ ಹೋಗಲು ಸಹಾಯ ಮಾಡಿ ಎಂಬ ಒಂದು ಸಾಲು.

ಮಾರನೆಯ ದಿನ ರಯಾನ್, ಆ ವರದಿಗಾರ, ಇನ್ನೂ ಮೂವರು ವಿಮಾನ ನಿಲ್ಲುವ ಜಾಗದಲ್ಲಿ ಗುಂಡಿಗೆ ಬಲಿಯಾದರು. ಎಲ್ಲ ಸೇರಿ ಸತ್ತವರು 918. ಅದರಲ್ಲಿ 300ಕ್ಕೂ ಹೆಚ್ಚು ಮಕ್ಕಳು. ಚೀಟಿಯಲ್ಲಿ ಹೆಸರಿದ್ದ ಇಬ್ಬರೂ ಗಾಯಗೊಂಡು ಬದುಕಿದರು.

ಅಂಥ ಜಾಗದಲ್ಲಿ, ಸಿಕ್ಕಿಬಿದ್ದರೆ ಏನಾಗುತ್ತದೆ ಎಂದು ಗೊತ್ತಿದ್ದೂ, ಚೀಟಿಯ ಮೇಲೆ ತಮ್ಮ ಹೆಸರನ್ನು ಬರೆದರಲ್ಲ! ನಮ್ಮ ಐದು ಜನರೂ ಅದನ್ನೇ ಮಾಡುತ್ತಾರೆ. ಒಬ್ಬರು ಇನ್ನೊಬ್ಬರಿಗೆ ತಮ್ಮ ಹೆಸರು, ಮನೆಯ ಹೆಸರು, ಮನೆಗೆ ಹೋಗುವ ದಾರಿ ಕಲಿಸುತ್ತಾರೆ. ತೋಡು ದಾಟಿ, ಕಂಗಿನ ತೋಟದ ಬದಿಯಲ್ಲಿ ಹತ್ತಿ, ನಾಗಬನದ ಹತ್ತಿರ ಎಡಕ್ಕೆ. ಯಾರಾದರೂ ಒಬ್ಬರು ಉಳಿದರೂ ಉಳಿದ ನಾಲ್ವರ ಹೆಸರು ಹೊರಗೆ ಹೋಗಬೇಕು. ಮಗುವಿಗೂ ಅದನ್ನೇ ಕಲಿಸುತ್ತಾರೆ, ಪದ್ಯದ ಹಾಗೆ ಬಾಯಿಪಾಠ ಮಾಡಿಸುತ್ತಾರೆ.

ಬೋವಿಕ್ಕಾನದ ಮಾಷ್ಟ್ರು:
ಇದು ಸರಿಯಾಯಿತು. ಮಗುವಿನ ಬಾಯಲ್ಲಿ ಮನೆಗಳ ಹೆಸರು ಬರಲಿ. ಕನ್ನಡದ ಮನೆ, ತುಳು ಮನೆ, ಮಲಯಾಳದ ಮನೆ, ಬ್ಯಾರಿ ಮನೆ, ಎಲ್ಲ ಬರಲಿ. ನಮ್ಮ ಜಿಲ್ಲೆ ಹಾಗೆಯೇ ಇರುವುದು.

ನೀರ್ಚಾಲಿನವಳು:
ಕುಂಬಳೆಯ ಅಣ್ಣನಿಗೆ ಉತ್ತರ. ಮನೆಯವರ ಕೆಲಸ ಕೈಕಟ್ಟಿ ಕೂರುವುದಲ್ಲ. ಸಂಪರ್ಕ ಬಿಡಬಾರದು. ಗುರುವನ್ನು ಬೈಯಬಾರದು, ಬೈದರೆ ಅಲ್ಲಿಯವರು "ನೋಡಿದೆಯಾ, ಮನೆಯವರು ಶತ್ರುಗಳು" ಎನ್ನಲು ನೀವೇ ಸಾಕ್ಷಿ ಕೊಟ್ಟಂತೆ. ಹಳೆಯ ಹೆಸರಿನಿಂದಲೇ ಪ್ರೀತಿಯಿಂದ ಕರೆಯಿರಿ. ಮನೆಯ ಸುದ್ದಿ ಬರೆಯಿರಿ. ಸಾಲ, ಆಸ್ತಿ, ಸಹಿ ಮಾಡಿದ ಕಾಗದ ಏನೇನಿದೆ ನೋಡಿಕೊಳ್ಳಿ. ಜಪಾನಿನ ಓಂ ಶಿನ್ರಿಕ್ಯೋ ಪಂಥದಲ್ಲಿ ಪೂರ್ಣಾವಧಿ ಸೇರುವವರು ಆಸ್ತಿಯನ್ನೆಲ್ಲ ಪಂಥಕ್ಕೆ ಬರೆದು, ಮನೆ ಬಿಟ್ಟು, ಹೊಸ ಹೆಸರು ಪಡೆಯಬೇಕಿತ್ತು. ಓದಿದ ಎಂಜಿನಿಯರುಗಳು, ಡಾಕ್ಟರುಗಳು ಹಾಗೆ ಹೋದರು. 1995ರ ಮಾರ್ಚ್ 20ರಂದು ಟೋಕಿಯೋದ ಸುರಂಗ ರೈಲುಗಳಲ್ಲಿ ಸಾರಿನ್ ವಿಷ ಬಿಟ್ಟವರಲ್ಲಿ ಒಬ್ಬ ಹೃದಯದ ಸರ್ಜನ್. ಹಾಗೆ ಹೋದವರಿಗೆ ವಾಪಸ್ಸು ಬರಲು ಮನೆಯೇ ಉಳಿದಿರಲಿಲ್ಲ. ಅದಕ್ಕೇ ಹೇಳುವುದು, ಇತ್ತ ಕಡೆಯ ಬಾಗಿಲು ನಾವು ಹಾಕಬಾರದು.

ಬಂದ ಮೇಲೆ ಹೇಗೆ ಬರಮಾಡಿಕೊಳ್ಳಬೇಕು ಎಂಬುದಕ್ಕೆ ಯಾಜಿದಿ ಎಂಬ ಸಣ್ಣ ಧರ್ಮದ ಜನರನ್ನು ನೋಡಬೇಕು. 2014ರ ಆಗಸ್ಟ್‌ನಲ್ಲಿ ಇರಾಕಿನ ಸಿಂಜಾರ್ ಮೇಲೆ ಐಸಿಸ್ ಉಗ್ರರು ದಾಳಿ ಮಾಡಿ 6,000ಕ್ಕೂ ಹೆಚ್ಚು ಹೆಂಗಸರು ಮಕ್ಕಳನ್ನು ಹಿಡಿದರು. ಬಲವಂತದ ಮತಾಂತರ, ಮಾರಾಟ, ಗಂಡುಹುಡುಗರಿಗೆ ಹೊಸ ಹೆಸರು, ಬಂದೂಕಿನ ತರಬೇತಿ. ಕೆಲವು ಮಕ್ಕಳು ತಾಯಿಯ ಮಾತನ್ನೇ ಮರೆತರು. ಯಾಜಿದಿಗಳ ಹಳೆಯ ಕಟ್ಟಳೆ ಪ್ರಕಾರ ಬೇರೆ ಧರ್ಮಕ್ಕೆ ಹೋದವರಿಗೆ ವಾಪಸ್ಸು ಜಾಗ ಇಲ್ಲ. ಆದರೆ ಅವರ ಧರ್ಮಗುರು ಬಾಬಾ ಶೇಖ್, ಬಂದ ಹೆಣ್ಣುಮಕ್ಕಳೆಲ್ಲ ನಮ್ಮವರೇ, ಅವರಿಗೆ ಯಾವ ಕಳಂಕವೂ ಇಲ್ಲ ಎಂದು ಸಾರಿದರು. ಲಾಲಿಶ್ ಗುಡಿಯ ಬಿಳಿ ಚಿಲುಮೆಯ ನೀರಿನಲ್ಲಿ ಅವರಿಗೆ ಮತ್ತೆ ಸಂಸ್ಕಾರ ಮಾಡಿದರು. ಮಾಷ್ಟ್ರು ಹೇಳಿದ ಇಳಿಸುವ ಕ್ರಮವನ್ನು ಆ ಜನ ಹೊಸದಾಗಿ ಕಟ್ಟಿಕೊಂಡರು. ಸೆರೆಯಲ್ಲಿ ಹುಟ್ಟಿದ ಮಕ್ಕಳಿಗೆ ಮಾತ್ರ ಆ ಬಾಗಿಲು ತೆರೆಯಲಿಲ್ಲ. ಎಷ್ಟೋ ತಾಯಂದಿರು ಮಗು ಅಥವಾ ಊರು ಎರಡರಲ್ಲಿ ಒಂದನ್ನು ಬಿಡಬೇಕಾಯ್ತು. ಅದು ನನ್ನನ್ನು ಇವತ್ತಿಗೂ ಕಾಡುತ್ತದೆ.

ತಾಳವಾಡಿ ಕಡೆಯವ:
ಬಹಳ ದಿನದಿಂದ ಸುಮ್ನೆ ಓದುತ್ತಿದ್ದೆ. ಇವತ್ತು ಬರೆಯುತ್ತಿದ್ದೇನೆ. ನನ್ನ ಅಕ್ಕನ ಮಗ, ಇಪ್ಪತ್ತಮೂರು ವಯಸ್ಸು, ಒಂದು ಗುಂಪಿಗೆ ಸೇರಿದ್ದಾನೆ. ಮೊದಲು ಧ್ಯಾನ ಎಂದ. ಆಮೇಲೆ ಕೆಲಸ ಬಿಟ್ಟ. ಈಗ ಬೇರೆ ಹೆಸರು. ಫೋನ್ ಬೇರೆ ಯಾರೋ ಎತ್ತುತ್ತಾರೆ, ಅವನಿಗೆ ಕೊಡುವುದಿಲ್ಲ. ಹೋದರೆ ಗೇಟಿನಿಂದಲೇ ಕಳಿಸಿದರು. ಭಾವ ಅವನು ಸತ್ತ ಎಂದುಕೊಳ್ಳಿ ಎನ್ನುತ್ತಾರೆ. ಅಕ್ಕ ಊಟ ಬಿಟ್ಟಿದ್ದಾಳೆ.

ನೀರ್ಚಾಲಿನವಳು:
ಅಣ್ಣ, ಭಾವನವರಿಗೆ ದಯವಿಟ್ಟು ಹೇಳಿ, ಆ ಮಾತು ಹುಡುಗನ ಕಿವಿಗೆ ಬೀಳಬಾರದು. ಅಲ್ಲಿಯವರಿಗೆ ಬೇಕಾದದ್ದೂ ಅದೇ. ಅಕ್ಕನ ಕೈಯಲ್ಲಿ ಕಾಗದ ಬರೆಸಿ. ಬೈಗುಳ ಬೇಡ, ಅಳು ಬೇಡ. ತೋಟದ ಸುದ್ದಿ, ಅವನ ಗೆಳೆಯರ ಸುದ್ದಿ, ನಿನ್ನ ಕೋಣೆ ಹಾಗೇ ಇದೆ ಎಂಬ ಒಂದು ಸಾಲು. ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಅವನ ಹಳೆಯ ಗೆಳೆಯ ಯಾರಾದರೂ ಹೋಗಿ ನೋಡಲಿ. ಅಕ್ಕನಿಗೆ ಮಾತಾಡಲು ಜನ ಬೇಕು, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿಸಿ, ಹಣ ಬೇಡ.

ಮಡಕಶಿರಾ ಓದುಗ:
ಕಾನೂನಿನ ಮಾತು ನಾನು ಹೇಳುತ್ತೇನೆ. ಹೊರಗೆ ಬಿಡುತ್ತಿಲ್ಲ, ನೋಡಲೂ ಬಿಡುತ್ತಿಲ್ಲ ಎಂದಾದರೆ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಬಹುದು. ಕೋರ್ಟು ಅವನನ್ನು ಎದುರಿಗೆ ಕರೆತರಲು ಹೇಳಬಹುದು. ವಯಸ್ಸಿಗೆ ಬಂದವನು, ಆದ್ದರಿಂದ ನಿನಗೆ ಎಲ್ಲಿರಲು ಇಷ್ಟ ಎಂದು ನ್ಯಾಯಾಧೀಶರು ಅವನನ್ನೇ ಕೇಳುತ್ತಾರೆ. ಅಲ್ಲೇ ಇರುತ್ತೇನೆ ಎಂದರೆ ಒಪ್ಪಬೇಕಾಗುತ್ತದೆ. ಆದರೂ ಅವನು ಒಮ್ಮೆ ಆ ಗೇಟಿನಿಂದ ಹೊರಗೆ ಬಂದು, ತಾಯಿಯ ಮುಖ ನೋಡಿ, ತನ್ನ ಬಾಯಿಂದ ಮಾತಾಡಿದಂತೆ ಆಗುತ್ತದೆ. ಅದಕ್ಕೆ ಮೊದಲು ಪೊಲೀಸ್ ಠಾಣೆಯಲ್ಲಿ ದೂರು ಕೊಟ್ಟು ರಸೀದಿ ಪಡೆಯಿರಿ.

ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇರುತ್ತದೆ, 15100ಕ್ಕೆ ಕರೆ ಮಾಡಿದರೂ ತಿಳಿಸುತ್ತಾರೆ. 1987ರ ಕಾನೂನಿನ ಪ್ರಕಾರ ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ವಕೀಲರ ನೆರವು ಉಚಿತ. ಅರ್ಜಿ ಭಾವನವರ ಹೆಸರಿನಲ್ಲಿ ಬೇಡ, ನಿಮ್ಮ ಅಕ್ಕನ ಹೆಸರಿನಲ್ಲಿ ಇರಲಿ.

ತಾಳವಾಡಿ ಕಡೆಯವ:
ಇದು ಉಚಿತ ಎಂದು ಗೊತ್ತೇ ಇರಲಿಲ್ಲ. ವಕೀಲರಿಗೆ ಕೊಡಲು ಭಾವ ಹಸು ಮಾರುವ ಮಾತಾಡುತ್ತಿದ್ದರು. ಅಕ್ಕನ ಹೆಸರಿನಲ್ಲೇ ಹಾಕುತ್ತೇವೆ. ಸೋಮವಾರ ಬೆಳಗಿನ ಬಸ್ಸಿಗೆ ಘಾಟಿ ಇಳಿದು ಈರೋಡಿಗೆ ಹೋಗುತ್ತೇವೆ. ಹುಡುಗನ ಶಾಲೆಯ ಸರ್ಟಿಫಿಕೇಟು, ಆಧಾರ್ ಎಲ್ಲ ಅಕ್ಕನ ಪೆಟ್ಟಿಗೆಯಲ್ಲಿದೆ. ಬೇರೆ ಏನಾದರೂ ತೆಗೆದುಕೊಂಡು ಹೋಗಬೇಕಾ?

ಮಡಕಶಿರಾ ಓದುಗ:
ಇತ್ತೀಚಿನ ಫೋಟೊ, ನೀವು ಫೋನ್ ಮಾಡಿದ ತಾರೀಕು ಸಮಯ ಬರೆದ ಒಂದು ಹಾಳೆ, ಗೇಟಿಗೆ ಹೋದಾಗ ಜೊತೆಗಿದ್ದವರ ಹೆಸರು. ಎಲ್ಲದರ ಎರಡೆರಡು ಜೆರಾಕ್ಸ್. ಮೂಲ ಪ್ರತಿ ಯಾರಿಗೂ ಕೊಡಬೇಡಿ.